ಕೂಸಿಗೆ ಅನ್ನ ಉಣಿಸಿದ ಮರುದಿನ

ನಿನ್ನೆ ಕೂಸಿಗೆ ಅನ್ನ ಉಣಿಸಿದೆವು. ಆರು ತಿಂಗಳು ತುಂಬಿತು. ಕಾಸರಗೋಡಿನ ಹತ್ತಿರದ ಮಧೂರಿಗೆ ಹೋಗಿ ಗಣಪತಿಗೆ ಕೈಮುಗಿದು, ಅಲ್ಲಿನ ಅಪ್ಪದ ಪ್ರಸಾದ ತಗೊಂಡು ಮನೆಗೆ ಬಂದು, ಅಜ್ಜನ ಮಡಿಲಲ್ಲಿ ಕೂರಿಸಿ ಬಾಯಿಗೆ ಎರಡು ಅಗುಳು ಇಟ್ಟದ್ದು. ಅವಳು ಅದನ್ನು ನಾಲಗೆಯಲ್ಲಿ ತಿರುಗಿಸಿ ನೋಡಿ, ಮುಖ ಹುಳಿ ಮಾಡಿ, ಅಜ್ಜನ ಹೊಸ ಶಾಲಿನ ಮೇಲೆ ಉಗಿದಳು. ಆಸ್ಪತ್ರೆಯ ಮೊದಲ ನಾಲ್ಕು ದಿನ ಬಾಟಲಿಯಲ್ಲಿ ಕೊಟ್ಟದ್ದು, ಡಾಕ್ಟ್ರು ಬರೆದುಕೊಟ್ಟ ವಿಟಮಿನ್ ಡಿ ಹನಿ, ಇವೆರಡು ಬಿಟ್ಟರೆ ಇಷ್ಟು ದಿನ ಅವಳ ಹೊಟ್ಟೆಗೆ ಹೋದದ್ದು ನನ್ನ ಹಾಲು ಮಾತ್ರ. ಒಂದು ತೊಟ್ಟು ನೀರೂ ಇಲ್ಲ. ಒಂಬತ್ತನೇ ರಾತ್ರಿ ನನ್ನನ್ನು ನೋಡಿದ್ದರೆ ನೀವು ಯಾರೂ ಇದನ್ನು ನಂಬುತ್ತಿರಲಿಲ್ಲ.

ಹೆರಿಗೆಯ ಕತೆ ನಿಮಗೆಲ್ಲ ಗೊತ್ತು. ಕೆಲವರು ಹೊರಗೆ ಬೆಂಚಿನಲ್ಲಿ ಕೂತು ಕಾದವರೇ. ಹಾಗಾಗಿ ಅದನ್ನು ಬಿಡುತ್ತೇನೆ. ಏಳನೇ ತಿಂಗಳಿಂದ ದಿನಾ ತೋಟದಲ್ಲಿ ನಡೆದೆ, ಕುಕ್ಕರಗಾಲಲ್ಲಿ ಕೂತು ಅಂಗಳ ಗುಡಿಸಿದೆ, ಉಸಿರು ಬಿಡುವುದನ್ನು ಕಲಿತೆ, ಖರ್ಜೂರ ತಿಂದೆ. ಕೊನೆಗೆ ಆಪರೇಶನ್ನೇ ಆಯಿತು. ಆಗಬೇಕಿತ್ತು, ಆಯಿತು. ಈಗ ಹೀಗೆ ಸಲೀಸಾಗಿ ಬರೆಯುತ್ತೇನೆ. ಆಗ ಹಾಗಿರಲಿಲ್ಲ. ನೋಡಲು ಬಂದವರು ಕೂಸಿನ ಮುಖ ನೋಡುವ ಮೊದಲೇ ಕೇಳುವುದು ಒಂದೇ: "ನಾರ್ಮಲ್ಲಾ, ಸಿಸೇರಿಯನ್ನಾ?" 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ ಕೇರಳದ ನೂರು ಹೆರಿಗೆಗಳಲ್ಲಿ ಸುಮಾರು 39 ಸಿಸೇರಿಯನ್. ಅಂದರೆ ಕೇಳಿದವರ ಮನೆಯಲ್ಲೂ ಒಬ್ಬಳು ಇದ್ದಾಳು. ಆದರೂ ಕೇಳುತ್ತಾರೆ. ನಾನು ಪ್ರತಿ ಸಲ ತಪ್ಪು ಒಪ್ಪಿಕೊಂಡ ಹಾಗೆ ಉತ್ತರ ಕೊಡುತ್ತಿದ್ದೆ.

ಆಸ್ಪತ್ರೆಯಲ್ಲಿ ಮೂರು ರಾತ್ರಿ ಕುರ್ಚಿಯಲ್ಲೇ ಮಲಗಿದ ಅತ್ತಿಗೆಗೆ, ಪೆರ್ಲದಿಂದ ಮಂಗಳೂರಿನವರೆಗೆ ಒಂದು ಹೊಂಡಕ್ಕೂ ಬೀಳಿಸದೆ ಕಾರು ಬಿಟ್ಟ ಭಾವನಿಗೆ, ರಕ್ತ ಕೊಡಲು ಬಂದು ಬೇಡವಾದಾಗ ಕಾಫಿ ಕುಡಿದು ಹೋದ ಶಾಲೆಯ ಗೆಳೆಯರಿಗೆ ತುಂಬಾ ತುಂಬಾ ಧನ್ಯವಾದ. ಅಮ್ಮನಿಗೂ. 2020ರ ಲಾಕ್‌ಡೌನಿನಲ್ಲಿ ಕರ್ನಾಟಕದ ಗಡಿ ಮುಚ್ಚಿದ್ದನ್ನು ಅವರು ಇನ್ನೂ ಮರೆತಿಲ್ಲ, ಗಡಿಯ ಸಾರಡ್ಕ ದಾಟುವವರೆಗೆ ಕಾರಿನಲ್ಲಿ ಬಾಯಿ ಬಿಡಲಿಲ್ಲ. ಏಳನೇ ದಿನ, ಹದಿನಾಲ್ಕನೇ ದಿನ ಅಂತ ಲೆಕ್ಕ ತಪ್ಪದೆ ಮಳೆಯಲ್ಲಿ ಬಂದು ಕೂಸನ್ನು ತೂಗಿ, ಮಲಯಾಳದ ಕಾರ್ಡನ್ನು ಕನ್ನಡದಲ್ಲಿ ಓದಿ ಹೇಳಿದ ಆಶಾ ಕಾರ್ಯಕರ್ತೆಗೂ. 2025ರಲ್ಲಿ ಗೌರವಧನ ಹೆಚ್ಚಿಸಿ ಅಂತ ತಿರುವನಂತಪುರದ ಸೆಕ್ರೆಟರಿಯೇಟಿನ ಎದುರು ತಿಂಗಳುಗಟ್ಟಲೆ ಕೂತವರು ಇವರ ಜೊತೆಯವರೇ. ಕೊಡುವುದು ಸಾಲದು ಅಂತ ಈಗ ನಾನೂ ಹೇಳುತ್ತೇನೆ. ಗಂಡನಿಗೆ ಹೇಳಬೇಕಾದದ್ದನ್ನು ಬೇರೆಯೇ ಹೇಳಿದ್ದೇನೆ, ಇಲ್ಲಿ ಬೇಡ.

ಉಳಿದದ್ದೆಲ್ಲ ಅಕ್ಕನಿಗೆ.

ಹೆಸರು ಹಾಕಬೇಡ ಅಂದಿದ್ದಾರೆ. ನನ್ನ ಅಮ್ಮನಿಗೂ ಅವರು ಅಕ್ಕ, ನನಗೂ ಅಕ್ಕ, ಊರಿಗೇ ಅಕ್ಕ. ಮನೆಮಾತು ತುಳು. ಬೆಳಗ್ಗೆ ಎಂಟಕ್ಕೆ ಬಂದು, ಹಂಡೆಯ ನೀರಿಗೆ ನೆಕ್ಕಿ (ಲಕ್ಕಿ) ಸೊಪ್ಪು ಹಾಕಿ ಕುದಿಸಿ, ನನಗೂ ಕೂಸಿಗೂ ಎಣ್ಣೆ ಹಚ್ಚಿ ಮೀಯಿಸಿ ಹನ್ನೊಂದಕ್ಕೆ ಹೊರಡುವುದು ಅಂತ ಮಾತಾಗಿತ್ತು. ಧಾನ್ವಂತರ ತೈಲ ಕೈಗೆ, ಕಾಲಿಗೆ, ಬೆನ್ನಿಗೆ. ಹೊಲಿಗೆಯ ಹತ್ತಿರ ಕೈ ತರಲಿಲ್ಲ. ಹೊಟ್ಟೆಗೆ ಬಟ್ಟೆ ಬಿಗಿಯಬೇಕು ಅಂತ ದೊಡ್ಡಮ್ಮ ಹೇಳಿದಾಗ "ಮೊದಲು ಅದು ಒಣಗಲಿ, ಡಾಕ್ಟ್ರು ಹೇಳಲಿ" ಅಂದರು. ಬಾಣಂತಿ ಜಾಸ್ತಿ ನೀರು ಕುಡಿಯಬಾರದು ಎಂದವರ ಎದುರಿಗೇ ನನ್ನ ಮಂಚದ ಹತ್ತಿರ ಒಂದು ಚೊಂಬು ಜೀರಿಗೆ ನೀರು ತಂದಿಟ್ಟರು. ನಮಗಿಬ್ಬರಿಗೆ ಜಗಳ ಆದದ್ದು ಜೇನಿನ ವಿಷಯಕ್ಕೆ ಮಾತ್ರ. ಕೂಸಿನ ನಾಲಗೆಗೆ ನೆಕ್ಕಿಸಬೇಕು ಅಂತ ಅವರು. ಜೇನಿನಲ್ಲಿ ಇರಬಹುದಾದ ಒಂದು ಜಾತಿಯ ರೋಗಾಣು ಎಳೆ ಕರುಳಿನಲ್ಲಿ ಬೆಳೆದು ವಿಷ ಮಾಡುತ್ತದೆ, ಒಂದು ವರ್ಷ ತುಂಬುವವರೆಗೆ ಬೇಡ ಅಂತ ನಾನು. ಎರಡು ದಿನ ಮುಖ ಊದಿಸಿಕೊಂಡರು. ಮೂರನೇ ದಿನ "ನಮ್ಮ ಜೇನು ಶುದ್ಧದ್ದು" ಅಂತ ಇನ್ನೊಮ್ಮೆ ಹೇಳಿ ಬಿಟ್ಟರು.

ಒಂಬತ್ತನೇ ದಿನ ಅಮ್ಮನಿಗೆ ಜ್ವರ ಬಂತು. ಕೂಸಿನ ಹತ್ತಿರ ಬರುವ ಹಾಗಿಲ್ಲ. ಅಪ್ಪ ಇದ್ದರು, ಆದರೆ ಇದಕ್ಕೆಲ್ಲ ಅಪ್ಪನನ್ನು ಕರೆಯಲಾಗುತ್ತದಾ? ಗಂಡ ಬೆಂಗಳೂರಿನಲ್ಲಿ. ಆಟಿ ತಿಂಗಳ ಮಳೆ ಬೇರೆ, ಕರೆಂಟು ಸಂಜೆಯೇ ಹೋಗಿತ್ತು. ಅಮ್ಮನಿಗೆ ಗಂಜಿ ಬೇಯಿಸಿಟ್ಟು ಹೋಗುತ್ತೇನೆ ಅಂತ ಬಂದ ಅಕ್ಕ ನನ್ನ ಮುಖ ನೋಡಿ ಕೊಡೆಯನ್ನು ಜಗಲಿಯ ಮೂಲೆಗೆ ಒರಗಿಸಿದರು. ಆ ಕೊಡೆ ಬೆಳಗಿನವರೆಗೆ ಅಲ್ಲೇ ಇತ್ತು.

ಆಪರೇಶನ್ ಆದವರಿಗೆ ಹಾಲು ತುಂಬುವುದು ಸ್ವಲ್ಪ ತಡವಾಗಬಹುದು. ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಗೆ ಹಾಕಬೇಕು ಅಂತ ಓದಿ ಓದಿ ಇಟ್ಟಿದ್ದೆ, ಅದೂ ನಡೆಯಲಿಲ್ಲ. ಬಾಟಲಿ ಅಭ್ಯಾಸವಾದ ಬಾಯಿಗೆ ಮೊಲೆ ಹಿಡಿಯಲು ಗೊತ್ತಾಗುತ್ತಿರಲಿಲ್ಲ. ಈಗ ಹಾಲು ಬಂದಿದೆ, ಅವಳಿಗೆ ಸಿಗುತ್ತಿಲ್ಲ. ಎಡಬದಿ ಕಲ್ಲಾಗಿತ್ತು. ನನಗೆ ಮೈ ಬಿಸಿ, ಚಳಿ. ಕೂಸು ಅತ್ತು ಅತ್ತು ಸ್ವರ ಕಟ್ಟಿತ್ತು.

ರಾತ್ರಿ ಎರಡು ಗಂಟೆಗೆ ನಾನು ಆಡಿದ ಮಾತನ್ನು ಬರೆಯಬೇಕಾ ಬೇಡವಾ ಅಂತ ಬಹಳ ಯೋಚಿಸಿದೆ. ಬರೆಯುತ್ತೇನೆ. "ಅಕ್ಕಾ, ಈ ಕೂಸನ್ನು ಯಾರಿಗಾದರೂ ಕೊಟ್ಟುಬಿಡಿ. ನನ್ನಿಂದ ಆಗುವುದಿಲ್ಲ." ಸಿಟ್ಟಿನಲ್ಲಿ ಹೇಳಿದ್ದಲ್ಲ. ಆ ಹೊತ್ತಿಗೆ ಅದು ನಿಜವಾಗಿತ್ತು.

ಅಕ್ಕ ಬೆಚ್ಚಲಿಲ್ಲ. "ಬಿಡ್ತು ಅನ್ನು" ಅಂತ ಹೇಳಲಿಲ್ಲ. "ಕೊಡುವಾ. ಬೆಳಗಾಗಲಿ. ಈಗ ಈ ಬದಿಗೆ ತಿರುಗು" ಅಂದರು.

ಬಚ್ಚಲ ಒಲೆಯಲ್ಲಿ ಕೆಂಡ ಇತ್ತು. ನೀರು ಬಿಸಿ ಮಾಡಿ, ಬೈರಾಸು ಅದ್ದಿ ಹಿಂಡಿ ಮೊಲೆಯ ಮೇಲೆ ಹಾಕಿದರು. ಆರಿದ ಕೂಡಲೇ ಇನ್ನೊಂದು. ಆಮೇಲೆ ಹೆಬ್ಬೆರಳು ಮೇಲೆ, ಎರಡು ಬೆರಳು ಕೆಳಗೆ, ಕಪ್ಪು ಭಾಗದಿಂದ ಸ್ವಲ್ಪ ಹಿಂದೆ ಇಟ್ಟು, ಎದೆಯ ಕಡೆಗೆ ಒತ್ತಿ, ಮೆಲ್ಲ ಬೆರಳು ಕೂಡಿಸುವುದು. ಎಳೆಯಬಾರದು. "ದನ ಕರೆದ ಹಾಗಲ್ಲ" ಅಂತ ಅವರೇ ಹೇಳಿದರು. ಮೊದಲು ಏನೂ ಇಲ್ಲ. ಆಮೇಲೆ ಒಂದು ಹನಿ ಸ್ಟೀಲು ಲೋಟದ ತಳಕ್ಕೆ ಬಿತ್ತು. ಅಷ್ಟು ಮಳೆಯಲ್ಲೂ ಆ ಸದ್ದು ನನಗೆ ಕೇಳಿತು. "ಪೇರ್ ಬರ್ಪುಂಡು, ಪೋಡ್ಯೊಡ್ಚಿ" ಅಂದರು. ಹಾಲು ಬರ್ತದೆ, ಹೆದರಬೇಡ. ಹೆದರಿದರೆ ಹಾಲು ಸರಿಯಾಗಿ ಇಳಿಯುವುದಿಲ್ಲ ಅಂತ ನಾನು ಪುಸ್ತಕದಲ್ಲಿ ಓದಿದ್ದೆ, ಹಾಲು ಇಳಿಸುವ ಆಕ್ಸಿಟೋಸಿನ್ ಅನ್ನುವ ಹಾರ್ಮೋನಿನ ಹೆಸರಿನ ಸಮೇತ. ಹೆದರದೆ ಇರುವುದು ಹೇಗೆ ಅಂತ ಅದರಲ್ಲಿ ಬರೆದಿರಲಿಲ್ಲ.

ಕೂಸಿಗೆ ಹಾಲು ಕುಡಿಸುವ, ಅಜ್ಜಿಯ ಕಾಲದ ಬೆಳ್ಳಿ ಒಳಲೆಯನ್ನು ಅಮ್ಮ ಹೆರಿಗೆಗೆ ಮೊದಲೇ ಉಜ್ಜಿ ಇಟ್ಟಿದ್ದರು, ಶಾಸ್ತ್ರಕ್ಕೆ ಅಂತ. ಅಕ್ಕ ಅದನ್ನು ಕುದಿಸಿ ತಂದರು. ಕೂಸನ್ನು ಸ್ವಲ್ಪ ನೆಟ್ಟಗೆ ಹಿಡಿದು ಒಳಲೆಯ ಮೂತಿಯನ್ನು ತುಟಿಯ ಕೊನೆಗೆ ತಾಗಿಸಿದರು. ಸುರಿಯಲಿಲ್ಲ, ಕಾದರು. ಅವಳೇ ನಾಲಗೆ ಚಾಚಿ ನೆಕ್ಕಿದಳು. ಎರಡು ಒಳಲೆ. ಅಳು ನಿಂತಿತು. ಆಮೇಲೆ ಅವಳ ಬಟ್ಟೆ ಬಿಚ್ಚಿ ನನ್ನ ಬರಿಯ ಎದೆಯ ಮೇಲೆ ಕವುಚಿ ಮಲಗಿಸಿ, ಇಬ್ಬರ ಮೇಲೂ ಒಂದು ಹಳೆಯ ನೂಲಿನ ಸೀರೆ ಹೊದಿಸಿ, ನನಗೆ ನಿದ್ದೆ ಬಾರದಿರಲಿ ಅಂತ ಪಕ್ಕದಲ್ಲೇ ಕೂತರು. ಮೂರೂವರೆ ಹೊತ್ತಿಗೆ ಕೂಸು ತಲೆ ಆಡಿಸಿ ಆಡಿಸಿ, ಬಾಯಿ ಅಗಲ ಮಾಡಿ, ತಾನೇ ಹಿಡಿದಳು.

ಆಗ ನಾನು ಮತ್ತೆ ಅತ್ತೆ. ನೆಟ್ಟಗೆ ಹೆರಲಿಕ್ಕೂ ಆಗಲಿಲ್ಲ ನನಗೆ, ಅಂದೆ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾನು ನಾಲ್ಕೂ ಹೆತ್ತದ್ದು ಮನೆಯಲ್ಲೇ ಮಗಾ. ಚಾಪೆಯ ಮೇಲೆ. ಇರುವುದು ಮೂರು." ಆಮೇಲೆ, "ಆಗ ನಮ್ಮಲ್ಲಿಗೆ ರೋಡು ಇರಲಿಲ್ಲ. ನಿನ್ನದು ಇಲ್ಲೇ ಉಂಟಲ್ಲ."

ಸಹಜ ಹೆರಿಗೆಯ ಬಗ್ಗೆ ನಾನು ಓದಿದ್ದರಲ್ಲಿ ಮನೆಯ ಹೆರಿಗೆಯ ಚಿತ್ರಗಳಿಗೆಲ್ಲ ಒಂದು ಚಂದದ ಹಳದಿ ಬೆಳಕು ಇರುತ್ತಿತ್ತು. ಆ ಚಾಪೆಯ ಹತ್ತಿರ ಎಂಥ ಬೆಳಕು ಇತ್ತೋ, ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಬೆಳಗ್ಗೆ ನನ್ನ ಜ್ವರ ಇಳಿದಿತ್ತು. ಇಳಿಯದಿದ್ದರೆ ಆಸ್ಪತ್ರೆಗೆ ಹೊರಡುವುದೇ ಅಂತ ಅಕ್ಕ ರಾತ್ರಿಯೇ ಜೀಪಿನವನಿಗೆ ಹೇಳಿಟ್ಟಿದ್ದರು. ಇಳಿದರೂ ಬಿಡಲಿಲ್ಲ, ಹೋಗಿ ತೋರಿಸಿ ಬಂದೆವು. ನಾನು ಎರಡು ಗಂಟೆಗೆ ಹೇಳಿದ ಮಾತನ್ನು ಡಾಕ್ಟ್ರ ಎದುರು ನನ್ನ ಬಾಯಿಂದಲೇ ಹೇಳಿಸಿದ್ದೂ ಅಕ್ಕನೇ. ಹೇಳಿದ್ದು ಒಳ್ಳೆಯದಾಯಿತು. ಅದು ಒಂದೇ ರಾತ್ರಿಗೆ ಮುಗಿಯುವ ಸಂಗತಿ ಆಗಿರಲಿಲ್ಲ.

ಅಮ್ಮ ಏಳುವವರೆಗೆ ಇನ್ನೂ ನಾಲ್ಕು ರಾತ್ರಿ ಅಕ್ಕ ಉಳಿದರು. ತಿಂಗಳ ಕೊನೆಗೆ ಅದರದ್ದನ್ನೂ ಸೇರಿಸಿ ಕೊಡಲು ಹೋದರೆ ಎಣಿಸಿ, ಮೀಯಿಸಿದ್ದಕ್ಕೆ ಎಷ್ಟೋ ಅಷ್ಟು ತಗೊಂಡು ಉಳಿದದ್ದನ್ನು ಮೇಜಿನ ಮೇಲಿಟ್ಟರು. "ರಾತ್ರಿ ನಾನು ಮಲಗಿದ್ದೆ ಅಲ್ವಾ" ಅಂದರು. ಶುದ್ಧ ಸುಳ್ಳು.

ಈಗ ಕೂಸಿಗೆ ಏನು ತಿನ್ನಿಸಬೇಕು ಅನ್ನುವ ಸಲಹೆಗಳು ಸಾಲುಗಟ್ಟಿವೆ. ಅಂಗನವಾಡಿ ಟೀಚರು ಕುಡುಂಬಶ್ರೀ ಮಹಿಳಾ ಸಂಘದವರು ಮಾಡುವ ಅಮೃತಂ ಅನ್ನುವ ಪೌಷ್ಟಿಕ ಹುಡಿಗೆ ಹೆಸರು ಬರೆದುಕೊಂಡಿದ್ದಾರೆ, ಅವರಿಗೂ ಧನ್ಯವಾದ. ಅತ್ತೆ ನೇಂದ್ರ ಬಾಳೆಕಾಯಿ ಒಣಗಿಸಿ ಹುಡಿ ಮಾಡಿ ಕಳಿಸಿದ್ದಾರೆ. ಅಂಗಳದಲ್ಲಿ ಅಡಿಕೆಯ ಜೊತೆ ಈಗ ರಾಗಿಯೂ ಒಣಗುತ್ತಿದೆ. ಹಾಲು ಹೇಗೂ ಮುಂದುವರಿಯುತ್ತದೆ.

ನಿನ್ನೆ ಅಕ್ಕ ಊಟಕ್ಕೆ ಬಂದಿದ್ದರು. ಅನ್ನ ಉಗಿದು ರಂಪ ಮಾಡುತ್ತಿದ್ದ ಕೂಸನ್ನು ಅಜ್ಜನ ಮಡಿಲಿನಿಂದ ಎತ್ತಿಕೊಂಡು, ಗಲ್ಲ ಒರೆಸಿ, ನನ್ನ ಕಿವಿಯ ಹತ್ತಿರ ಬಂದು ಮೆಲ್ಲ ಕೇಳಿದರು:

"ಬೆಳಗಾಯ್ತಲ್ಲ ಮಗಾ. ಯಾರಿಗೆ ಕೊಡುವುದು, ಹೇಳು?"