ಚಿಕ್ಕ ಮಕ್ಕಳಿಗೆ ಆಟಿಕೆ ತರುವ ಮೊದಲು

ಎಲ್ಲ ಅಮ್ಮಂದಿರಿಗೂ ಅಜ್ಜಿಯರಿಗೂ ನಮಸ್ಕಾರ. ಮಳೆ ಹಿಡಿದಿದೆ, ಮಕ್ಕಳು ಇಡೀ ದಿನ ಮನೆಯೊಳಗೇ. ಮಡಿಕೇರಿಗೋ ಕುಶಾಲನಗರಕ್ಕೋ ಹೋದವರು ಆಟಿಕೆ ತರುತ್ತೀರಿ, ಅಲ್ವಾ? ಡಬ್ಬದ ಮೇಲೆ ಐಎಸ್‌ಐ ಗುರುತು ನೋಡಿ. ಕಾರ್ಖಾನೆ ಆಟಿಕೆಗಳಿಗೆ ಅದು 2021ರ ಜನವರಿಯಿಂದ ಕಡ್ಡಾಯ.

ಮೂರು ತಿಂಗಳ ಕೂಸಿಗೆ ಕಪ್ಪು-ಬಿಳುಪು ಚಿತ್ರ, ಗಿಲಕಿ ಸಾಕು. ಆರು ತಿಂಗಳಾದರೆ ಎಲ್ಲವೂ ಬಾಯಿಗೇ ಹೋಗುತ್ತದೆ, ತೊಳೆಯಲು ಬರುವಂಥದ್ದೇ ಕೊಡಿ. ವರ್ಷ ದಾಟಿದವರಿಗೆ ಒಂದರೊಳಗೊಂದು ಕೂರುವ ಸ್ಟೀಲ್ ಲೋಟಗಳಿಗಿಂತ ಒಳ್ಳೆ ಆಟಿಕೆ ನಾನು ಕಂಡಿಲ್ಲ. ನನ್ನ ಮೊಮ್ಮಗಳು ದೊಡ್ಡ ಲೋಟವನ್ನು ಚಿಕ್ಕದರೊಳಗೆ ತುರುಕಿದಳು. ಆಗಲಿಲ್ಲ. ತಿರುಗಿಸಿ ನೋಡಿದಳು, ಕೊನೆಗೆ ಚಿಕ್ಕದನ್ನು ಎತ್ತಿ ದೊಡ್ಡದರೊಳಗೆ ಇಟ್ಟಳು! ಬ್ಯಾಟರಿ ಗೊಂಬೆಯಾದರೆ ತಾನೇ ಕುಣಿಯುತ್ತದೆ, ಮಗು ಸುಮ್ನೆ ನೋಡುತ್ತದೆ.

ಬಟನ್ ಸೆಲ್ (ಅಂಗಿ ಗುಂಡಿಯಂಥ ಪುಟ್ಟ ದುಂಡು ಬ್ಯಾಟರಿ) ಇರುವುದಂತೂ ಬೇಡವೇ ಬೇಡ. ನುಂಗಿದರೆ 2 ಗಂಟೆಯೊಳಗೆ ಅನ್ನನಾಳ ಸುಡಬಹುದು, ಕಾಯದೆ ಆಸ್ಪತ್ರೆಗೆ ಓಡಬೇಕು. ಮೂರು ವರ್ಷದೊಳಗಿನವರ ಕೈಗೆ ಗೋಲಿ, ಮಣಿ ಸಿಗಬಾರದು, ಕಾಫಿ ಬೀಜವೂ ಅಷ್ಟೇ. ಚೀಲದಿಂದ ಉದುರಿದ ಒಂದೆರಡು ಬೀಜ ಮಂಚದಡಿ ಇರುತ್ತವೆ, ದಿನಾ ಗುಡಿಸಿ.

ಮಕ್ಕಳು ಆಡಿ ಬಿಟ್ಟ ಒಳ್ಳೆ ಆಟಿಕೆ ಇದ್ದರೆ ಇಲ್ಲಿ ಫೋಟೊ ಹಾಕಿ, ಬದಲಾಯಿಸಿಕೊಳ್ಳೋಣ.