ಸುರಕ್ಷತಾ ಮಾಡ್ಯೂಲಿನ ಪರೀಕ್ಷೆಯನ್ನು ತಪ್ಪಿಸಬೇಡಿ

ಮಾನ್ಯ ಸಂಪಾದಕರೇ,

ತುರ್ತು ನಿಲುಗಡೆ ಗುಂಡಿಯನ್ನು ಪಿಎಲ್‌ಸಿಯ (ಯಂತ್ರವನ್ನು ನಿಯಂತ್ರಿಸುವ ಕಂಪ್ಯೂಟರಿನ) ಸಾಮಾನ್ಯ ಇನ್‌ಪುಟ್‌ಗೆ ಜೋಡಿಸಿದರೆ ಸಾಕೆಂಬ ನಂಬಿಕೆ ಇನ್ನೂ ಹೋಗಿಲ್ಲ. ಆದರೆ ಇದಕ್ಕೆಂದೇ ಇರುವ ಸುರಕ್ಷತಾ ಇನ್‌ಪುಟ್ ಮಾಡ್ಯೂಲು (ಸಂಕೇತ ಓದುವ ಘಟಕ) ಗುಂಡಿಯ ಎರಡು ಸಂಪರ್ಕಗಳನ್ನು ಎರಡು ಚಾನೆಲ್‌ಗಳಲ್ಲಿ ಓದಿ, ನಿಗದಿತ ಅವಧಿಯೊಳಗೆ ಅವು ತಾಳೆಯಾಗದಿದ್ದರೆ ದೋಷವೆಂದೇ ಪರಿಗಣಿಸುತ್ತದೆ. ತಂತಿಗಳು ಒಂದಕ್ಕೊಂದು ತಗುಲಿದ್ದರೆ ಪರೀಕ್ಷಾ ಪಲ್ಸ್‌ಗಳಿಂದ (ಅತಿ ಚಿಕ್ಕ ವಿದ್ಯುತ್ ಸಂಕೇತಗಳಿಂದ) ಪತ್ತೆ ಹಚ್ಚುತ್ತದೆ. ಯಂತ್ರದ ಕಡೆಗೆ ಆಜ್ಞೆ ಕಳಿಸುವ ಸುರಕ್ಷತಾ ಔಟ್‌ಪುಟ್ ಮಾಡ್ಯೂಲು 24 ವೋಲ್ಟ್ ಪೂರೈಕೆಯನ್ನು ಕ್ಷಣಾರ್ಧ ಕಡಿದು, ತನ್ನ ಟ್ರಾನ್ಸಿಸ್ಟರು ನಿಜಕ್ಕೂ ಆಫ್ ಆಗುತ್ತದೆಯೇ ಎಂದು ನೋಡಿಕೊಳ್ಳುತ್ತದೆ. ಆ ಕ್ಷಣಿಕ ಕಡಿತದ ಪಲ್ಸ್‌ಗೆ ಔಟ್‌ಪುಟ್‌ಗೆ ಜೋಡಿಸಿದ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು) ಚಟಪಟಿಸಿತೆಂದು ಪರೀಕ್ಷೆಯನ್ನೇ ನಿಲ್ಲಿಸಿಬಿಟ್ಟದ್ದನ್ನು ನಾನು ಕಂಡಿದ್ದೇನೆ. ಆ ಪಲ್ಸ್‌ಗೆ ಅಲುಗದ ತಕ್ಕ ರಿಲೇ ಹಾಕಿದ್ದರೆ ಮುಗಿಯುತ್ತಿತ್ತು. ಐಇಸಿ 61508 ಎಂಬ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡದ ಪ್ರಕಾರ ಮಾಡ್ಯೂಲಿಗೆ ಎಸ್‌ಐಎಲ್ 3 (ಸುರಕ್ಷತಾ ಮಟ್ಟ 3) ಪ್ರಮಾಣಪತ್ರವಿದ್ದರೂ ಸೆನ್ಸರಿನಿಂದ ಮೋಟಾರಿಗೆ ವಿದ್ಯುತ್ ಕಡಿಯುವ ಕಾಂಟ್ಯಾಕ್ಟರಿನವರೆಗಿನ ಇಡೀ ಸರಪಳಿಗೆ ಆ ಮಟ್ಟ ತಾನಾಗಿ ಬರುವುದಿಲ್ಲ. ಆದ್ದರಿಂದ ಯಂತ್ರ ಖರೀದಿಸುವವರು ಒಂದೊಂದು ಚಾನೆಲ್ಲಿನ ತಂತಿಯನ್ನೂ ಬಿಡಿಸಿ, ಯಂತ್ರ ನಿಲ್ಲುವುದನ್ನು ಕಣ್ಣಾರೆ ನೋಡಿದ ಮೇಲಷ್ಟೇ ಸಹಿ ಹಾಕಬೇಕು.

– ಒಬ್ಬ ನಿರ್ವಹಣಾ ಎಂಜಿನಿಯರ್