ಹಳೆ ಚೆಂಡಿಗೆ ಬೌಲರ್ ಎಲ್ಲಿ?

ಮಾನ್ಯರೇ,

ಬೂಮ್ರಾ ಇಲ್ಲದಿದ್ದರೆ ಭಾರತದ ಬೌಲಿಂಗ್ ಮುಗಿಯಿತು ಎಂಬ ಮಾತು ಪೂರ್ತಿ ಸರಿಯಲ್ಲ. 2021ರ ಜನವರಿಯಲ್ಲಿ ಬ್ರಿಸ್ಬೇನ್‌ನಲ್ಲಿ ಬೂಮ್ರಾ, ಶಮಿ, ಅಶ್ವಿನ್, ಜಡೇಜ ಯಾರೂ ಇಲ್ಲದೆ ಗೆದ್ದೆವು. 2025ರಲ್ಲಿ ಇಂಗ್ಲೆಂಡ್‌ನಲ್ಲಿ ಗೆದ್ದ ಎರಡೂ ಟೆಸ್ಟ್‌ಗಳಲ್ಲಿ ಬೂಮ್ರಾ ಆಡಿರಲಿಲ್ಲ. ಎಜ್‌ಬಾಸ್ಟನ್‌ನಲ್ಲಿ ಆಕಾಶ್ ದೀಪ್ 10 ವಿಕೆಟ್ ಕಿತ್ತರೆ, ಐದೂ ಪಂದ್ಯ ಆಡಿದ ಸಿರಾಜ್ 23 ವಿಕೆಟ್ ಪಡೆದರು.

ತೊಂದರೆ ಇರುವುದು ಹೊಸ ಚೆಂಡಿನಲ್ಲಲ್ಲ, 30ರಿಂದ 80ನೇ ಓವರ್‌ವರೆಗಿನ ಅವಧಿಯಲ್ಲಿ. ಆಸ್ಟ್ರೇಲಿಯಾದಲ್ಲಿ ಬಳಸುವ ಕೂಕಬುರ್ರಾ ಚೆಂಡಿನ ಹೊಲಿಗೆ ಆ ಹೊತ್ತಿಗೆ ಚಪ್ಪಟೆಯಾಗಿರುತ್ತದೆ. ಲೈನ್-ಲೆಂಗ್ತ್ ಒಂದೇ ಸಾಲದು. ರಿವರ್ಸ್ ಸ್ವಿಂಗ್ (ಹಳೆ ಚೆಂಡು ಗಾಳಿಯಲ್ಲಿ ವಿರುದ್ಧ ದಿಕ್ಕಿಗೆ ತಿರುಗುವುದು), ಹೆಚ್ಚಿನ ಬೌನ್ಸ್ ಅಥವಾ ಮಣಿಕಟ್ಟಿನ ಸ್ಪಿನ್ ಬೇಕು. ನಮ್ಮವರೋ ಎಂಟನೇ ಕ್ರಮಾಂಕದ ಬ್ಯಾಟರ್ ತರುವ ರನ್ ನೆಚ್ಚಿಕೊಂಡು ಇಂಗ್ಲೆಂಡ್‌ನಲ್ಲಿ ಮಣಿಕಟ್ಟಿನ ಸ್ಪಿನ್ನರ್ ಕುಲದೀಪ್ ಯಾದವ್‌ಗೆ ಒಂದು ಟೆಸ್ಟನ್ನೂ ಕೊಡಲಿಲ್ಲ. ಇಪ್ಪತ್ತು ವಿಕೆಟ್ ತೆಗೆಯದೆ ಆ ಮೂವತ್ತು ರನ್ ಇಟ್ಟುಕೊಂಡು ಏನು ಮಾಡುವುದು?

ಲೆಕ್ಕ ಸರಳ: ದಿನದ 90 ಓವರ್ ನಾಲ್ವರಿಗೆ ಹಂಚಿದರೆ ತಲಾ 22–23. ಒಬ್ಬ ಗಾಯಗೊಂಡರೆ 30. ಆಗ ವೇಗ ಇಳಿಯುತ್ತದೆ, ಚೆಂಡು ಗಿಡ್ಡವಾಗಿ ಬೀಳುತ್ತದೆ. 2024–25ರ ಆಸ್ಟ್ರೇಲಿಯಾ ಸರಣಿಯಲ್ಲಿ 32 ವಿಕೆಟ್ ಪಡೆದ ಬೂಮ್ರಾಗೆ, 2025ರ ಸಿಡ್ನಿ ಟೆಸ್ಟ್‌ನ ಕೊನೆಯ ಇನಿಂಗ್ಸ್‌ನಲ್ಲಿ ಬೆನ್ನುನೋವಿನಿಂದ ಒಂದು ಓವರ್ ಕೂಡ ಹಾಕಲಾಗಲಿಲ್ಲ.

ರಣಜಿಯಲ್ಲಿ ಬಳಸುವುದು ಎಸ್‌ಜಿ ಚೆಂಡು. ಆಸ್ಟ್ರೇಲಿಯಾ ಕೆಲವು ವರ್ಷ ತನ್ನ ದೇಶಿ ಟೂರ್ನಿ ಶೆಫೀಲ್ಡ್ ಶೀಲ್ಡ್‌ನ ಅರ್ಧ ಋತುವನ್ನು ಇಂಗ್ಲೆಂಡ್‌ನಲ್ಲಿ ಬಳಸುವ ಡ್ಯೂಕ್ಸ್ ಚೆಂಡಿನಲ್ಲಿ ಆಡಿಸಿತ್ತು. ಹಾಗೆಯೇ ಇಲ್ಲಿಯೂ ಎರಡು ಸುತ್ತಾದರೂ ಕೂಕಬುರ್ರಾದಲ್ಲಿ ನಡೆಯಲಿ; 50ನೇ ಓವರ್‌ನಲ್ಲಿ ವಿಕೆಟ್ ತೆಗೆಯಬಲ್ಲವರು ಯಾರೆಂದು ಆಯ್ಕೆಗಾರರಿಗೆ ಅಲ್ಲೇ ಕಾಣುತ್ತದೆ.

– ಓರ್ವ ಓದುಗ